ಸೋರದ ಬಾಯ್ಲರ್

ನಮ್ಮ ಚಿಕ್ಕಮ್ಮನಿಗೆ ವಿದ್ಯುತ್ ಮಾರುಕಟ್ಟೆಯ ಮೇಲೆ ಕಣ್ಣಿಡುವ ಕಚೇರಿಯಲ್ಲಿ ಕೆಲಸ. ಮದುವೆ ಬೇಡವೆಂದು ಹಟ ಹಿಡಿದು ಅಕ್ಕನ ಮನೆಯಲ್ಲೇ, ಅಂದರೆ ನಮ್ಮ ಮನೆಯಲ್ಲೇ, ಉಳಿದವಳು. ಜೊತೆಯವರು ಅವಳನ್ನು ಹದ್ದು ಎನ್ನುತ್ತಿದ್ದರು. ಅವಳಿಗದು ಬಿರುದು ಕೊಟ್ಟಂತೆ ಕೇಳಿಸುತ್ತಿತ್ತು.

ಮೊದಲೆಲ್ಲ ಕರೆಂಟಿನ ದರವನ್ನು ಸರ್ಕಾರವೇ ಗೊತ್ತುಮಾಡುತ್ತಿತ್ತು. ಆಮೇಲೆ ಮಾರುಕಟ್ಟೆ ಮುಕ್ತವಾಯಿತು. ಗಂಟೆಗಂಟೆಗೂ ವಿದ್ಯುತ್ ಸ್ಥಾವರಗಳು ತಮ್ಮ ದರ ಹೇಳಬೇಕು. ಅಗ್ಗದವರಿಂದ ಮೊದಲು ಕೊಳ್ಳುತ್ತಾ ಹೋಗಿ, ಸಾಕಾದಾಗ, ಕೊನೆಗೆ ಯಾರಿಂದ ಕೊಂಡರೋ ಅವರ ದರವನ್ನೇ ಎಲ್ಲ ಸ್ಥಾವರಗಳಿಗೂ ಕೊಡುವುದು. ಪೈಪೋಟಿಯಿಂದ ದರ ಇಳಿಯುತ್ತದೆ ಎಂದಿದ್ದರು. ಇಳಿಯಿತು ಕೂಡ, ಬೇಸಿಗೆ ಬರುವತನಕ.

ಅಮ್ಮನದು ಲಾಂಡ್ರಿ. ಗಂಟೆಗೊಂದು ದರದ ಕರೆಂಟು ಹಾಕಿಸಿಕೊಂಡಿದ್ದಳು. ಆ ಬೇಸಿಗೆಯಲ್ಲಿ ಬಿಸಿಲೇರಿದ ದಿನಗಳಂದು ಮಧ್ಯಾಹ್ನದ ದರ ಹತ್ತುಪಟ್ಟಾಗುತ್ತಿತ್ತು. ಅಮ್ಮ ಯಂತ್ರಗಳನ್ನು ನಿಲ್ಲಿಸಿ, ಹೋಟೆಲಿನಿಂದ ಬಂದ ಹಾಸುಬಟ್ಟೆಗಳ ಗುಡ್ಡದ ಮುಂದೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದಳು. ತಂಗಿ ಬಂದೊಡನೆ, ದರ ಏರಿಸಿದವಳೇ ಅವಳೇನೋ ಎಂಬಂತೆ ಬೈಯುತ್ತಿದ್ದಳು.

ಚಿಕ್ಕಮ್ಮ ಕಡತ ಹರವಿಕೊಂಡು ಕೂತಳು. ಮೂರು ಸ್ಥಾವರಗಳಿದ್ದ ಒಂದು ಕಂಪನಿ, ಸೆಕೆ ಹೆಚ್ಚಿದ ದಿನವೇ ಒಂದರ ಬಾಯ್ಲರ್ ಸೋರುತ್ತಿದೆಯೆಂದು ಬರೆದುಕೊಟ್ಟು ಅದನ್ನು ನಿಲ್ಲಿಸುತ್ತಿತ್ತು. ಕರೆಂಟಿಗೆ ಕೊರತೆಯಾಗಿ ದರ ಜಿಗಿಯುತ್ತಿತ್ತು; ನಿಂತ ಒಂದರ ನಷ್ಟವನ್ನು ಓಡುತ್ತಿದ್ದ ಎರಡು ಬಡ್ಡಿಸಮೇತ ತುಂಬಿಕೊಡುತ್ತಿದ್ದವು. ಅನುಮಾನವೇನೋ ಬಂತು, ಪುರಾವೆ ಎಲ್ಲಿಂದ ತರುವುದು? ಯಂತ್ರ ಎಂದಮೇಲೆ ಕೆಡುತ್ತದೆ ಎಂದು ಮುಖ್ಯಸ್ಥರು ಮಾತು ತೇಲಿಸಿದರು.

ಒಂದು ಮಧ್ಯಾಹ್ನ, ಬಾಯ್ಲರ್ ಸೋರಿಕೆಯ ವರದಿ ಬಂದ ದಿನವೇ, ಮರೆತ ಕನ್ನಡಕಕ್ಕೆಂದು ಚಿಕ್ಕಮ್ಮ ಮನೆಗೆ ಬಂದಳು. ಹಜಾರದಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದ. ಅಪ್ಪ ಅದೇ ಸ್ಥಾವರದ ವೆಲ್ಡರ್. ಬಾಯ್ಲರ್ ಕೊಳವೆ ಸೋರಿದರೆ ಮೊದಲು ಕರೆಯುವುದೇ ಅವನನ್ನು.

ಚಿಕ್ಕಮ್ಮ ಅವನನ್ನು ಅಲುಗಾಡಿಸಿ ಎಬ್ಬಿಸಿದಳು. “ಭಾವ, ಇವತ್ತು ಕೆಲಸ ಇಲ್ವಾ?”

“ಏನೂ ಕೆಟ್ಟಿಲ್ಲ, ಮನೆಗೆ ಹೋಗಿ ಅಂದ್ರು. ಈ ಬೇಸಿಗೇಲಿ ಹೀಗೇ ಎಷ್ಟೋ ಸಲ ಕಳಿಸಿದಾರೆ.”

ಸ್ಥಾವರದಿಂದ ಹೊರಬೀಳುವಾಗ ದಿನ, ಹೊತ್ತು ಬರೆದುಕೊಡುವ ಗೇಟಿನ ಚೀಟಿಗಳನ್ನೆಲ್ಲ ಅಪ್ಪ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಇಬ್ಬರೂ ನೆಲದ ಮೇಲೆ ಹರಡಿ ನೋಡಿದರು. ಎಂಟು ಸೋರಿಕೆ, ಎಂಟು ದಿನವೂ ಅಪ್ಪ ಹತ್ತು ಗಂಟೆಗೇ ಹೊರಗೆ. ಚಿಕ್ಕಮ್ಮನ ಮುಖ ಅರಳಿತು, ಮರುಕ್ಷಣ ಬಾಡಿತು. ನಿಮ್ಮ ಹೆಸರು ಹೊರಬಿದ್ದರೆ ಕೆಲಸಕ್ಕೇ ಕುತ್ತು ಎಂದಳು.

ಅಪ್ಪನ ಕಿವಿಗೆ ಆ ಮಾತು ಬೀಳಲೇ ಇಲ್ಲ. “ನಾನು ಬೆಸುಗೆ ಹಾಕಿದ ಕೊಳವೆ ಎಂಟು ಸಲ ಸೋರಿದೆ ಅಂತ ಬರ್ಕೊಟ್ಟಿದಾರಾ? ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ ನಡಿ.”

ವಿಚಾರಣೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಅವನ ಹಿಂದೆಯೇ ಇನ್ನೂ ಮೂವರು ವೆಲ್ಡರುಗಳು, ಕರೆಯದೆಯೇ ಬಂದವರು. ಸೋರಿದ ಜಾಗ ಯಾವುದೆಂದು ಅಪ್ಪ ಕೇಳಿದ್ದಕ್ಕೆ ಕಂಪನಿಯ ವಕೀಲರು ನೀರು ಕುಡಿದರಂತೆ. ದಂಡ ಬಿತ್ತು. ಸ್ಥಾವರ ನಿಲ್ಲಿಸಿದವರು ಅಂದೇ ತಪಾಸಣೆಗೆ ಬಾಗಿಲು ತೆರೆಯಬೇಕೆಂಬ ನಿಯಮ ಬಂತು. ಸಾಕ್ಷಿ ಹೇಳಿದವರ ಕೆಲಸ ಮುಟ್ಟಬಾರದೆಂಬ ಆದೇಶವೂ.

ಮುಂದಿನ ಸುಡುಬಿಸಿಲಿಗೆ ದರ ಅಲ್ಲಾಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಲಾಂಡ್ರಿಯ ಅಷ್ಟೂ ಯಂತ್ರಗಳು ಗುಡುಗುತ್ತಿದ್ದವು. ರಜೆ ಹಾಕಿ ಬಂದ ಚಿಕ್ಕಮ್ಮ ಮತ್ತು ಅಪ್ಪ ಒಂದು ಹಾಸುಬಟ್ಟೆಯ ಎರಡು ತುದಿ ಹಿಡಿದು ಮಡಚಲು ಹೋಗಿ, ವಕೀಲರ ಮುಖ ನೆನೆದು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅದನ್ನು ಒದ್ದೆ ನೆಲಕ್ಕೆ ಬೀಳಿಸಿದರು. ನಾನು ಬೈಗುಳಕ್ಕೆ ಕಾದೆ. ಅಮ್ಮ ಅದನ್ನೆತ್ತಿ ಮತ್ತೆ ಯಂತ್ರಕ್ಕೆ ತುರುಕಿದಳು.

“ಬಿಡಿ, ಇನ್ನೊಂದ್ಸಲ ಒಗೆಯೋಣ. ಕರೆಂಟೇನು ದುಬಾರಿನಾ?”