ವರ್ನಾಳ ಅಸ್ಥಿಪಂಜರಗಳು

ಓಹಾಯೋದ ನಮ್ಮ ಬೀದಿಯ ವರ್ನಾ ಟ್ಯಾಕೆಟ್‌ಗೆ ಅಕ್ಟೋಬರ್ ಕೊನೆಯ ದೆವ್ವಗಳ ಹಬ್ಬ ಹ್ಯಾಲೊವೀನ್‌ನ ಹುಚ್ಚು ಆಗಸ್ಟಿನಲ್ಲೇ ಹಿಡಿಯುತ್ತದೆ. ಗ್ಯಾರೇಜಿನಿಂದ ಪ್ಲಾಸ್ಟಿಕ್ ಅಸ್ಥಿಪಂಜರಗಳನ್ನು ಎಳೆದು ತಂದು ಪಕ್ಕೆಲುಬುಗಳ ಧೂಳು ಒರೆಸುತ್ತ, "ತಿಂದಿದ್ದು ಮೈಗೇ ಹತ್ತಲ್ವಲ್ಲೋ ನಿಂಗೆ" ಎಂದು ಒಂದೊಂದನ್ನೂ ಗದರುತ್ತಾಳೆ. ಅಂಗಡಿಗೆ ಹೊಸ ಭೂತ ಬಂದರೆ ಮೊದಲ ಗಿರಾಕಿ ಇವಳೇ. ಹಿಂದೆಲ್ಲ ಹಳೆಯ ದುಪ್ಪಟಿಗೆ ಎರಡು ತೂತು ಕೊರೆದರೆ ದೆವ್ವ ತಯಾರಾಗುತ್ತಿತ್ತು. ಅದನ್ನು ಹೊದ್ದು ಹಬ್ಬದ ರಾತ್ರಿ ಮನೆಮನೆ ಸುತ್ತುವ ಪುಟ್ಟ ದೆವ್ವಗಳು ಇವಳ ಮೆಟ್ಟಿಲ ತುಂಬ ನಿಂತು ಚಾಕೊಲೇಟಿಗೆ ಚೀಲ ಒಡ್ಡುತ್ತಿದ್ದವು. ಈಗ ಅಪ್ಪ ಅಮ್ಮಂದಿರು ಮಕ್ಕಳನ್ನು ಚರ್ಚಿನ ಅಂಗಳಕ್ಕೆ ಕರೆದೊಯ್ದು, ಸಾಲಾಗಿ ನಿಂತ ಕಾರುಗಳ ಡಿಕ್ಕಿಯಿಂದಲೇ ಮಿಠಾಯಿ ಕೊಡಿಸಿ ಮುಗಿಸುತ್ತಾರೆ. ಈ ವರ್ಷ ವರ್ನಾ ಸೂರಿಗಿಂತ ಎತ್ತರದ ಅಸ್ಥಿಪಂಜರ ನಿಲ್ಲಿಸಿದಳು. "ಇಷ್ಟು ದೊಡ್ಡದು ಯಾಕೆ ವರ್ನಾ?" ಎಂದೆ. ಚಾಕೊಲೇಟ್ ತುಂಬಿದ ಬೋಗುಣಿಯನ್ನು ಮೆಟ್ಟಿಲ ಮೇಲಿಡುತ್ತ ಹೇಳಿದಳು: "ಚರ್ಚ್ ಹತ್ರ ಇರೋ ಮಕ್ಳಿಗೆ ಕಾಣ್ಬೇಕಲ್ಲ."