ಪಡುಬೆಟ್ಟಿನ ಪೂವಮ್ಮ

ತೋಡಾರಿನ ಆಶಾ ಕಾರ್ಯಕರ್ತೆ ಮೋಹಿನಿಯ ಪಟ್ಟಿಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು. ಗೇರುಬೀಜದ ಕಾರ್ಖಾನೆಯೊಂದರಲ್ಲಿ ಎಂಬತ್ತಾರು ಹೆಂಗಸರಿಗೆ ಗರ್ಭಕಂಠದ ಪರೀಕ್ಷೆ ನಡೆದಿತ್ತು. ನಾಲ್ವರಲ್ಲಿ ಎಚ್‌ಪಿವಿ ವೈರಸ್ ಕಂಡುಬಂತು. ಮೂವರು ಆಸ್ಪತ್ರೆಗೆ ಹೋಗಿ ಬಂದರು. ನಾಲ್ಕನೆಯವಳು ಪೂವಮ್ಮ, ವಯಸ್ಸು ನಲವತ್ತನಾಲ್ಕು, ಪಡುಬೆಟ್ಟು ಮನೆ. ವರದಿ ಬರುವಷ್ಟರಲ್ಲಿ ಅವಳು ಕೆಲಸ ಬಿಟ್ಟಿದ್ದಳು. ಫೋನು ಸ್ವಿಚ್ ಆಫ್. ಈ ವೈರಸ್ ನೋವು ಕೊಡದೆ ವರ್ಷಗಟ್ಟಲೆ ಕುಳಿತು ಕ್ಯಾನ್ಸರ್ ತರಬಲ್ಲದು. ಬೇಗ ಸಿಕ್ಕರೆ ಚಿಕಿತ್ಸೆ ಸಣ್ಣದು. ಸಿಗದಿದ್ದರೆ? ಮೋಹಿನಿ ಅದನ್ನು ಯೋಚಿಸುತ್ತ ಕೂರಲಿಲ್ಲ, ನಡೆದಳು. ಸುತ್ತಲಿನ ಊರುಗಳಲ್ಲಿ ಎಲ್ಲಿ ಕೇಳಿದರೂ ಪಡುಬೆಟ್ಟು ಎಂಬ ಮನೆಯೇ ಇರಲಿಲ್ಲ.

“ಎಂಬತ್ತೈದು ಜನ ಸಿಕ್ಕಿದ್ರಲ್ಲ ಮಾರಾಯ್ತಿ, ಸಾಕಲ್ವಾ?” ಎಂದ ಗಂಡ ಚಿದಾನಂದ.

“ನಿಮಗೆ ಮೂವತ್ತೊಂದು ಹಲ್ಲು ಸರಿ ಉಂಟಲ್ಲ, ಒಂದು ನೋವಾದ್ರೆ ಯಾಕೆ ಬೊಬ್ಬೆ ಹಾಕ್ತೀರಿ?”

ಹತ್ತನೆಯ ದಿನ ಬಸ್ಸಿನಲ್ಲಿ ಪಕ್ಕದ ಮುದುಕಿ ಖದೀಜ ಮಾತಿಗೆಳೆದರು. “ನಿನ್ನದು ಯಾವ ಮನೆ ಮಗಾ?”

“ಅಂಗಡಿಮಾರು.”

“ಮಾಣಿಯ ಅಂಗಡಿಮಾರಾ? ನನ್ನ ತವರೂ ಮಾಣಿಯೇ. ಮತ್ತೆ ಈ ಬಸ್ಸು ಯಾಕೆ ಹತ್ತಿದೆ, ಇದು ಮೂಡುಬಿದಿರೆಗೆ ಹೋಗುವುದು!”

ಮೋಹಿನಿ ನಕ್ಕಳು. ಮರುಕ್ಷಣ ನಗು ನಿಂತಿತು. ತೋಡಾರಿಗೆ ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಮನೆ ಯಾವುದೆಂದರೆ ಇವತ್ತಿಗೂ ಬಾಯಿಗೆ ಬರುವುದು ತಾಯಿಯ ಮನೆ. ಆ ಕಡೆಯ ಹಲವರಲ್ಲಿ ಕುಟುಂಬವೂ ಮನೆಹೆಸರೂ ನಡೆಯುವುದು ತಾಯಿಯಿಂದ. ಕಾರ್ಖಾನೆಯಲ್ಲಿ “ಯಾವ ಮನೆ?” ಎಂದು ಕೇಳಿ ಬರೆದುಕೊಂಡವಳೂ ತಾನೇ. ಪೂವಮ್ಮನೂ ತಾಯಿಮನೆಯನ್ನೇ ಹೇಳಿರಬೇಕು.

ಅಂದೇ ಬೇರೆ ಊರುಗಳ ಆಶಾ ಕಾರ್ಯಕರ್ತೆಯರಿಗೆ ಫೋನು ಮಾಡಿದಳು. ಕಲ್ಲಡ್ಕದ ಐಸಮ್ಮ ಹೇಳಿದಳು: “ಪಡುಬೆಟ್ಟು ಇಲ್ಲೇ ಉಂಟಲ್ಲ. ಪೂವಮ್ಮನನ್ನು ಕೊಟ್ಟದ್ದು ವೇಣೂರಿಗೆ.”

ವೇಣೂರಿನ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದ ಪೂವಮ್ಮನ ಕೈ ವಿಷಯ ಕೇಳಿ ನಿಂತಿತು. “ಕ್ಯಾನ್ಸರಾ ಅಕ್ಕ?”

“ಅಲ್ಲ. ಆಗದ ಹಾಗೆ ನೋಡ್ಲಿಕ್ಕೆ ಬಂದದ್ದು. ನಾಳೆ ಆಸ್ಪತ್ರೆಗೆ ಹೋಗುವ, ನಾನೂ ಬರ್ತೇನೆ. ನೀನು ಬರೆಸಿದ ಮನೆಯಲ್ಲಿ ಹುಡುಕಿದ್ರೆ ಮುಂದಿನ ಜನ್ಮಕ್ಕೆ ಸಿಗ್ತಿದ್ದೆ.”

ಆಸ್ಪತ್ರೆಯಲ್ಲಿ ನೋಡಿದಾಗ ಗರ್ಭಕಂಠದಲ್ಲಿ ಆರಂಭದ ಬದಲಾವಣೆ ಮಾತ್ರ ಇತ್ತು. ಅದೇ ದಿನ ಚಿಕಿತ್ಸೆ ಮುಗಿಯಿತು. ವರ್ಷದ ನಂತರದ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಖಾಲಿ ಸಾಲು ತುಂಬಿತು.

ಆ ತಿಂಗಳೇ ಪೂವಮ್ಮ ಹದಿನಾಲ್ಕರ ಮಗಳು ಅನಿಷಾಳನ್ನು ಎಚ್‌ಪಿವಿ ಲಸಿಕೆಗೆಂದು ತೋಡಾರಿಗೇ ಕರೆತಂದಳು.

“ಯಾವ ಮನೆ?” ಮೋಹಿನಿ ಕೇಳಿದಳು.

“ಪಡುಬೆಟ್ಟು,” ಎಂದಳು ಹುಟ್ಟಿದಂದಿನಿಂದ ವೇಣೂರಿನಲ್ಲೇ ಬೆಳೆದ ಹುಡುಗಿ.

ಮೋಹಿನಿ ಅದನ್ನೂ ಬರೆದುಕೊಂಡಳು. ಆಮೇಲೆ ತಾನೇ ಗೆರೆ ಎಳೆದು ಸೇರಿಸಿದ್ದ ಹೊಸ ಕಾಲಮಿಗೆ ಪೆನ್ನು ಇಟ್ಟು, ತಲೆಯೆತ್ತದೆ ಕೇಳಿದಳು: “ಊಟ ಮಾಡುವ ಮನೆ?”