ಭಟ್ಟರು ನಂಬದ ಕಲ್ಲು

ಯಾರಾದರೂ ಕಲ್ಲು ಮಾರಲು ಬಂದರೆ ವಾಸುದೇವ ಭಟ್ಟರು ಮೊದಲು ಕಲ್ಲನ್ನು ನೋಡುತ್ತಿರಲಿಲ್ಲ. ತಂದವನ ಚಪ್ಪಲಿ ನೋಡುತ್ತಿದ್ದರು.

"ಕಲ್ಲು ಆಕಾಶದಿಂದ ಬಿದ್ದದ್ದೋ ಅಲ್ವೋ ಆಮೇಲೆ ನೋಡುವ. ಇವ ಎಲ್ಲಿಂದ ಬಂದ ಅಂತ ಮೊದಲು ಗೊತ್ತಾಗ್ಬೇಕು" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಸೂರತ್ತಿನ ವರಾಛಾದಲ್ಲಿ ಅವರದೊಂದು ಉಡುಪಿ ಹೋಟೆಲಿತ್ತು. ಅದೇ ಊರಿನ ಅಡಾಜಣ್‌ನಲ್ಲಿದ್ದ ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ಅಲ್ಲಿ ದೋಸೆ ತಿನ್ನುತ್ತಿದ್ದೆ. ಉಲ್ಕಾಶಿಲೆ ಕೂಡಿಡುವುದು ಭಟ್ಟರ ಹುಚ್ಚು. ಅವರ ಬಳಿ ಇದ್ದದ್ದು ಐದೇ ಕಲ್ಲು. ಸೂರತ್ತಿನ ತೇವಕ್ಕೆ ಒಳಗಿನ ಕಬ್ಬಿಣ ತುಕ್ಕು ಹಿಡಿಯದಿರಲೆಂದು ಅವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಬೀಗ ಹಾಕಿದ್ದರು.

ಒಮ್ಮೆ ಒಬ್ಬ, ಕಚ್ಛ್‌ನಲ್ಲಿ ಬಿದ್ದದ್ದೆಂದು ಕರಿಗಲ್ಲು ತಂದ. ಅವನ ಚಪ್ಪಲಿಯ ಅಟ್ಟೆಯಲ್ಲಿ ಕಬ್ಬಿಣದ ಚೂರುಗಳು ಹೊಳೆಯುತ್ತಿದ್ದವು. ಭಟ್ಟರು ಕಾಫಿ ಕೊಡಿಸಿ, "ಭಾಯ್, ಎರಕದ ಭಟ್ಟಿ ಬಿಟ್ಟು ಕಚ್ಛ್‌ಗೆ ಯಾವಾಗ ಹೋಗಿದ್ದೆ?" ಎಂದು ಹಿಂದಿಯಲ್ಲಿ ನಯವಾಗಿ ಕೇಳಿದರು. ಅವನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ತಂದದ್ದು ಬರೀ ಭಟ್ಟಿಯಲ್ಲಿ ಉಳಿಯುವ ಕಬ್ಬಿಣದ ಕಿಟ್ಟ.

ನನ್ನ ಮೇಲೂ ಅವರಿಗೆ ಗುಮಾನಿಯಿತ್ತು. ನಾನು ಅಹಮದಾಬಾದಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. "ಮೇಲಿಂದ ಬಿದ್ದದ್ದೆಲ್ಲ ಸರ್ಕಾರದ್ದಂತೆ. ನೀನು ಅವರ ಕಡೆಯವಳು, ಮಾರಾಯ್ತಿ" ಎನ್ನುತ್ತಿದ್ದರು. ಮೂರು ವರ್ಷ ಹೀಗೇ ಕಳೆದ ಮೇಲೆ, ತಮಗೆ ಅತಿ ಪ್ರಿಯವಾದ ಕಲ್ಲೊಂದನ್ನು ಕೊಯ್ಸಿ ಒಳಗೇನಿದೆ ನೋಡಲು ನನ್ನ ಕೈಗೆ ಕೊಟ್ಟರು. ಸೀದ ದೋಸೆಯ ತಳದಂಥ ತೆಳು ಕರಿ ಸಿಪ್ಪೆಯ ಕಲ್ಲು. ಕೊಡುವ ಮುನ್ನ ವಜ್ರ ಉಜ್ಜುವವರ ತಕ್ಕಡಿಯಲ್ಲಿ ತೂಗಿದ್ದರು.

ಕೊಯ್ದಾಗ ಒಳಗೆ ಸಾಸಿವೆಯಂಥ ಗುಂಡು ಕಾಳುಗಳು, ನಡುನಡುವೆ ಲೋಹದ ಮಿನುಗು; ಉಲ್ಕಾಶಿಲೆಯ ಲಕ್ಷಣವೇ. ಸಂಭ್ರಮದಿಂದ ಎರಡೂ ಹೋಳುಗಳನ್ನು ತಂದುಕೊಟ್ಟೆ. ಭಟ್ಟರು ಅವುಗಳ ಚೆಲುವನ್ನು ನೋಡಲೇ ಇಲ್ಲ. ತೂಗಿದರು.

"ಎರಡು ಗ್ರಾಂ ಎಲ್ಲಿ?"

"ಗರಗಸದ ಬಾಯಿಗೆ ಹೋಯ್ತು ಭಟ್ರೇ. ಪುಡಿಯಾಗಿ ನೀರಲ್ಲಿ ಹರಿದುಹೋಯ್ತು."

"ಗರಗಸಕ್ಕೂ ಹಸಿವುಂಟಾ?"

ಹೋಟೆಲಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಜೀವನದಲ್ಲಿ ಅಂದಿನವರೆಗೆ ಯಾರೂ ನನ್ನನ್ನು ಕಳ್ಳಿ ಎಂದಿರಲಿಲ್ಲ. ಅವರೂ ಅನ್ನಲಿಲ್ಲ; ಆದರೆ ಕಣ್ಣು ಅದನ್ನೇ ಹೇಳುತ್ತಿತ್ತು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅಕ್ಕ ದೋಸೆ ತರಿಸಿದರೂ ಮುಟ್ಟುತ್ತಿರಲಿಲ್ಲ.

ಎರಡು ವರ್ಷದ ನಂತರ ಒಂದು ಭಾನುವಾರ ಭಟ್ಟರು ಅಹಮದಾಬಾದಿಗೆ ರೈಲಿನಲ್ಲಿ ಬಂದು ನಮ್ಮ ಕ್ವಾರ್ಟರ್ಸಿನ ಬಾಗಿಲು ತಟ್ಟಿದರು. ಕೂರಲೂ ಇಲ್ಲ.

"ಒಡೆದ ರುಬ್ಬುಗುಂಡಿನ ತುಂಡೊಂದನ್ನು ಕೊಯ್ಸಿದೆ. ಮೊದಲೂ ತೂಗಿದೆ, ಆಮೇಲೂ ತೂಗಿದೆ. ಮೂರು ಗ್ರಾಂ ಕಡಿಮೆ ಬಂತು."

"ಅದಕ್ಕೆ?"

"ಮೂರು ಸಲ ಮಾಡಿಸಿದೆ. ಕೊಯ್ಯುವವನ ಮೇಲೂ ನಂಬಿಕೆ ಇರ್ಲಿಲ್ಲ." ನೆಲ ನೋಡುತ್ತ ಅಂದರು: "ನೀನು ಸುಳ್ಳು ಹೇಳಿರ್ಲಿಲ್ಲ."

ನನಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಒಳಗೆ ಕರೆದು ಊಟ ಬಡಿಸಿದೆ. ಹೊರಡುವಾಗ ಚೀಲದಿಂದ ಅದೇ ಕಲ್ಲಿನ ಎರಡೂ ಹೋಳು ತೆಗೆದು ಮೇಜಿನ ಮೇಲಿಟ್ಟರು. "ಪೂರ್ತಿ ಪರೀಕ್ಷೆ ಮಾಡಿಸು. ಎಷ್ಟು ಬೇಕೋ ಅಷ್ಟು ಪುಡಿ ಮಾಡ್ಲಿ." ಅದೇ ನಾವು ಕಡೆಯ ಸಲ ಭೇಟಿಯಾದದ್ದು.

ಕೆಲವು ತಿಂಗಳಲ್ಲಿ ವರದಿ ಬಂತು: ನಿಸ್ಸಂಶಯವಾಗಿ ಉಲ್ಕಾಶಿಲೆ. 'ನಿಸ್ಸಂಶಯವಾಗಿ' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದು ಅಂಚೆಗೆ ಹಾಕಿದೆ. ಭಟ್ಟರ ಉತ್ತರ ಕಾರ್ಡಿನಲ್ಲಿ ಬಂತು: "ವರದಿ ತಲುಪಿತು. ಸಂತೋಷ. ನಿಮ್ಮವರು ನಿನ್ನ ಮುಖ ನೋಡಿ ಬರೆದಿರಬಹುದು. ಬೇರೆಯವರಿಂದಲೂ ಒಮ್ಮೆ ನೋಡಿಸು."

ಒಬ್ಬಳೇ ನಕ್ಕೆ. ಇನ್ನೊಂದು ಊರಿನ ಪ್ರಯೋಗಾಲಯಕ್ಕೆ ಒಂದು ಚೂರು ಕಳಿಸಿದೆ. ಅಲ್ಲಿಂದ ಉತ್ತರ ಬರುವ ಮೊದಲೇ ಅಕ್ಕನ ಕಾಗದ ಬಂತು. ಭಟ್ಟರು ಹೃದಯಾಘಾತದಿಂದ ತೀರಿಕೊಂಡಿದ್ದರು.

ಎರಡನೆಯ ವರದಿಯೂ ಮೊದಲಿನದನ್ನೇ ಹೇಳಿತು. ಅದನ್ನು ಓದಿ, ನಂಬದೆ, ಮೂರನೆಯದನ್ನು ಕೇಳಲು ಅವರಿರಲಿಲ್ಲ.